ಜೇಬು ಸೇರಿದ ದಪ್ಪ ‘ಓ’

ಅಪಿಸಾಕೊ ಊರಿನ ಎಲಿಹಿಯೊ ವಾರವಿಡೀ ಹಾಸಿಗೆ ಹೊಲಿಯುತ್ತಿದ್ದ. ಭಾನುವಾರ ಮುಖವಾಡ ತೊಟ್ಟು ಕುಸ್ತಿ ಆಡುತ್ತಿದ್ದ. ಅಖಾಡದಲ್ಲಿ ಅವನ ಹೆಸರು ‘ರೆಲಾಂಪಾಗೊ ದೆ ಲಾ ಸಿಯೆರಾ’, ಅಂದರೆ ಬೆಟ್ಟದ ಮಿಂಚು. ಹದಿನೆಂಟು ವರ್ಷಗಳಲ್ಲಿ ಎರಡು ಹಲ್ಲೂ ಒಂದು ಕಿವಿಯ ಆಕಾರವೂ ಹೋಗಿದ್ದವು. ಅದಕ್ಕೆಲ್ಲ ಅವನು ಮರುಗಿದವನಲ್ಲ. ಅವನ ಹೊಟ್ಟೆ ಉರಿಸುತ್ತಿದ್ದುದು ಗೋಡೆಯ ಮೇಲಿನ ಪೋಸ್ಟರು.

ಪೋಸ್ಟರು ಅಚ್ಚಾಗುತ್ತಿದ್ದುದು ಕ್ರಿಸ್ಪಿನಾ ಅಜ್ಜಿಯ ಪ್ರೆಸ್ಸಿನಲ್ಲಿ. ಅಲ್ಲಿ ಗೇಣೆತ್ತರದ ಮರದ ಅಕ್ಷರಗಳಿದ್ದವು: ಪೈಲ್ವಾನನ ತೊಡೆಯಂಥ ಕಂಬಗಳು, ಅವನ್ನು ಕೂಡಿಸುವ ಮೀಸೆಗೂದಲಿನಂಥ ಗೆರೆಗಳು, ಬುಡದಲ್ಲಿ ನೆಲಕ್ಕೆ ಊರಿದ ಅಗಲ ಪಾದಗಳು.

“ಇದು ಕೂಗೋಕೇ ಹುಟ್ಟಿರೋ ಅಕ್ಷರ ಕಣೋ,” ಎನ್ನುತ್ತಿದ್ದಳು ಅಜ್ಜಿ. “ಮದುವೆ ಕಾಗದಕ್ಕೆ ಹಾಕಿದ್ರೆ, ಮದುಮಗ ಹುಡುಗೀನ ಎತ್ತಿ ಒಗೀತಾನೇನೋ ಅನ್ಸುತ್ತೆ.”

ಅಂಥ ನಾಲ್ಕು ಅಕ್ಷರಕ್ಕೆ ಹಾಳೆ ತುಂಬಿಹೋಗುತ್ತಿತ್ತು. ಚಪ್ಪಲಿ ಹೊಲಿಯುವ ಫಿದೆನ್ಸಿಯೊನ ಅಖಾಡದ ಹೆಸರೋ TORO, ಗೂಳಿ. ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿತ್ತು! ಬೆಟ್ಟದ ಮಿಂಚು ಅದರ ಕೆಳಗೆ ಇರುವೆಸಾಲಾಗಿ ಹರಿಯುತ್ತಿತ್ತು.

“ಅಜ್ಜೀ, ನನ್ನ ಹೆಸ್ರೂ ದಪ್ಪದಲ್ಲಿ ಹಾಕು.”

“ಹಾಕ್ತೀನಪ್ಪ. RELA, ‘ರೆಲಾ’ ಅಂತ ಬರುತ್ತೆ. ಉಳಿದಿದ್ದು ಪಕ್ಕದ್ಮನೆ ಗೋಡೆ ಮೇಲೆ ಓದ್ಕೊಳ್ಳಲಿ.”

“ಹಂಗಾದ್ರೆ OSO ಅಂತ ಹಾಕು. ಕರಡಿ! ಮೂರೇ ಅಕ್ಷರ.”

“ದಪ್ಪ ‘ಓ’ ನನ್ಹತ್ರ ಇರೋದೇ ಎರಡು. ಎರಡೂ ಗೂಳಿ ಹೊಟ್ಟೇಲಿವೆ.”

ಅಜ್ಜಿ ಮಸಿ ಕಲಸಲು ಬೆನ್ನು ತಿರುಗಿಸಿದಳು. ಆ ಗಳಿಗೆಯಲ್ಲಿ ಮಹಾವೀರ ಎಲಿಹಿಯೊ ಶತ್ರುವಿನ ಕೋಟೆಗೆ ನುಗ್ಗಿ ಒಂದು ‘ಓ’ ಎತ್ತಿ ಕೋಟಿನ ಜೇಬಿಗೆ ಇಳಿಸಿದ. ಗೂಳಿ ಇನ್ನು ಕುಂಟಲಿ!

ಗೂಳಿ ಕುಂಟಲಿಲ್ಲ. ಅಜ್ಜಿ ಹಳೆಯ ಅಚ್ಚುಗಳನ್ನು ಕೆದಕಿ, ಮೊದಲ ‘ಓ’ದ ಜಾಗಕ್ಕೆ ಒಂದು ದುಂಡನೆ ಮುಖವಾಡದ ಚಿತ್ರ ಕೂರಿಸಿದಳು. ಊರಿಗೆ ಊರೇ ಹುಚ್ಚಾಯಿತು. ಪೋಸ್ಟರು ಒಣಗುವ ಮೊದಲೇ ಜನ ಕಿತ್ತು ಮನೆಗೊಯ್ದರು. ತಮಾಲೆ ಅನ್ನುವ ಜೋಳದ ಕಡುಬು ಮಾರುವವಳು ಕೂಡ ತನ್ನ ಗಾಡಿಗೆ ಒಂದು ಅಂಟಿಸಿಕೊಂಡಳು. ಎಲಿಹಿಯೊ ಅಂದಿನಿಂದ ಅವಳ ಹತ್ತಿರ ತಿಂಡಿ ತಿನ್ನುವುದನ್ನೇ ಬಿಟ್ಟ.

ಮುಂದಿನ ವಾರ ಅಜ್ಜಿಯೇ ಕರೆಸಿದಳು.

“ಫಿದೆನ್ಸಿಯೊಗೆ ಈಗ ಎರಡೂ ಕಡೆ ಮುಖವಾಡನೇ ಬೇಕಂತೆ. ಒಂದು ‘ಓ’ ಖಾಲಿ ಬಿದ್ದಿದೆ. ಕಳೆದುಹೋಗಿರೋ ಆ ಇನ್ನೊಂದು ಸಿಕ್ಕಿಬಿಟ್ಟಿದ್ರೆ ಓಸೊ ಆಗ್ಬಿಡ್ತಿತ್ತು, ಅಲ್ವೇನೋ?”

ಎಲಿಹಿಯೊ ಚಾವಣಿ ನೋಡಿದ, ಕಾಲ್ಬೆರಳು ನೋಡಿದ. ಕೊನೆಗೆ ಜೇಬಿನಿಂದ ‘ಓ’ ತೆಗೆದು ಮೇಜಿನ ಮೇಲಿಟ್ಟ.

“ಹಾಸಿಗೆ ಹತ್ತಿ ಒಳಗೆ ಸಿಕ್ತು ಅಜ್ಜಿ.”

“ಹೌದಾ? ಹತ್ತಿಗೂ ಕುಸ್ತಿ ಹುಚ್ಚು ನೋಡು!”

ಶನಿವಾರ ಮಾರುಕಟ್ಟೆಯ ಗೋಡೆ ತುಂಬ OSO ಕಾಲೂರಿ ನಿಂತಿತ್ತು, ಕುರುಡನಿಗೂ ಕಾಣುವಷ್ಟು ದಪ್ಪಗೆ. ಹದಿನೆಂಟು ವರ್ಷಗಳ ಆಸೆ ಎದುರಿಗಿತ್ತು. ಎಲಿಹಿಯೊನ ಕಣ್ಣು ಮಾತ್ರ ಅದರ ಮೇಲಿನ ಗೂಳಿಯ ಸಾಲಿನಲ್ಲಿತ್ತು.

“ಅಜ್ಜಿಗೆ ಪಕ್ಷಪಾತ,” ಎಂದು ಅವನು ಗೊಣಗಿದ. “ಅವನಿಗಾದ್ರೆ ಎರಡೆರಡು ಮುಖವಾಡ.”