ವರ್ಷದ ಹತ್ತು ಪಿಕ್ಚರು ಮತ್ತು ನಾಲ್ಕು ಗಂಟೆಯ ನೀರು

ವರ್ಷಕ್ಕೆ ಒಂದು ದಿನ ನಾನು ಶಹಾಪುರದಲ್ಲಿ ಗಣ್ಯ ವ್ಯಕ್ತಿಯಾಗುತ್ತಿದ್ದೆ. ಅದು ಯುಗಾದಿಯ ಮರುದಿನ. ಬಸ್ ನಿಲ್ದಾಣದ ಎದುರಿನ ಚಹಾದ ಹೋಟೆಲಿನಲ್ಲಿ, ಕೈ ತೊಳೆಯುವ ಜಾಗದ ಕನ್ನಡಿಯ ಪಕ್ಕದಲ್ಲಿ, ಅಂದು ನನ್ನ ಕೈಬರಹದ ಒಂದು ಹಾಳೆ ಅಂಟಿಕೊಳ್ಳುತ್ತಿತ್ತು. ಆ ವರ್ಷ ನಾನು ಮೆಚ್ಚಿದ ಹತ್ತು ಪಿಕ್ಚರುಗಳ ಪಟ್ಟಿ. ಬರೆಯಿರಿ ಎಂದು ಯಾರೂ ಕೇಳಿರಲಿಲ್ಲ. ಆದರೆ ಮುಖ ತೊಳೆದು ಕನ್ನಡಿ ನೋಡಿಕೊಂಡವರು ಪಕ್ಕಕ್ಕೆ ಒಮ್ಮೆ ಕಣ್ಣು ಹಾಯಿಸದೆ ಹೋಗುವಂತಿರಲಿಲ್ಲ. ಜಾಗದ ಆಯ್ಕೆಯಲ್ಲಿ ನಾನು ಬಲು ಹುಷಾರಿನ ಮನುಷ್ಯ.

‘ಆ ವರ್ಷದ ಪಿಕ್ಚರು’ ಎಂದೆನಲ್ಲ, ಅದಕ್ಕೆ ಸ್ವಲ್ಪ ವಿವರಣೆ ಬೇಕು. ಹೊಸ ಪಿಕ್ಚರು ಮೊದಲು ಹೈದರಾಬಾದಿಗೋ ಬೆಂಗಳೂರಿಗೋ ಬರಬೇಕು, ಆಮೇಲೆ ಗುಲಬರ್ಗಾ, ರಾಯಚೂರು, ಯಾದಗಿರಿ. ಅಲ್ಲೆಲ್ಲ ಓಡಿ ಓಡಿ ಸವೆದ ಮೇಲೆ ನಮ್ಮ ಊರು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದ ಹಾಗೆ, ತಡವಾಗಿ, ತೆಳ್ಳಗೆ, ಒಂದಿಷ್ಟು ಕಸಕಡ್ಡಿಯ ಜೊತೆಗೆ. ಪರದೆಯ ಮೇಲೆ ನಾಯಕ ನಾಯಕಿಗೆ ಏನನ್ನೋ ಹೇಳಲು ಬಾಯಿ ತೆರೆದರೆ, ಮುಚ್ಚುವಷ್ಟರಲ್ಲಿ ಅವರಿಗೆ ಎರಡು ಮಕ್ಕಳಾಗಿರುತ್ತಿದ್ದವು. ನಡುವಿನ ರೀಲು ಯಾವ ಊರಲ್ಲಿ ತುಂಡಾಯಿತೋ ದೇವರೇ ಬಲ್ಲ. ಆದ್ದರಿಂದ ನನ್ನ ಲೆಕ್ಕದಲ್ಲಿ ಪಿಕ್ಚರು ಶಹಾಪುರಕ್ಕೆ ಬಂದ ವರ್ಷವೇ ಅದು ಹುಟ್ಟಿದ ವರ್ಷ.

ಹೆಸರಿನ ವಿಷಯವೂ ಹಾಗೆಯೇ. ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಏನೇ ಬರೆದಿರಲಿ, ನಮ್ಮವರು ಅದನ್ನು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ. ನಾಯಿ ಸಾಯುವ ಪಿಕ್ಚರ್, ಕುಂಟ ಪೊಲೀಸನ ಪಿಕ್ಚರ್, ಹೊಲಿಗೆ ಮಷಿನ್ ಪಿಕ್ಚರ್ ಎಂದೇ ವ್ಯವಹಾರ. ನನ್ನ ಪಟ್ಟಿಯಲ್ಲಿ ನಿಜವಾದ ಹೆಸರು ಬರೆದ ಮೊದಲ ವರ್ಷ ಯಾರಿಗೂ ಏನೂ ಗೊತ್ತಾಗಲಿಲ್ಲ. ಮರುವರ್ಷದಿಂದ ನಾನೂ ಊರಿನ ದಾರಿಗೆ ಬಂದೆ.

ವಿಮರ್ಶಕನಾಗಿ ನಾನು ಕಟ್ಟುನಿಟ್ಟು. ಮುಕ್ತಾಯ ಸರಿ ಇಲ್ಲದ ಪಿಕ್ಚರಿಗೆ ನನ್ನ ಪಟ್ಟಿಯಲ್ಲಿ ಜಾಗವಿರಲಿಲ್ಲ. ನಮ್ಮ ಹಳೆಯ ಲಾಕ್ಷಣಿಕರು ನಾಟಕಕ್ಕೆ ಐದು ಸಂಧಿಗಳನ್ನು ಹೇಳಿದ್ದಾರೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಐದನೆಯದು ಕೈಕೊಟ್ಟರೆ ಮೊದಲ ನಾಲ್ಕೂ ದಂಡ ಎಂದು ನಾನು ಹೋಟೆಲಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಪಾಪ, ಆ ಹಿರಿಯರಿಗೆ ಇಂಟರ್ವಲ್ ಎಂಬ ಸಂಧಿ ತಿಳಿದಿರಲಿಲ್ಲ. ತಿಳಿದಿದ್ದರೆ ಮಿರ್ಚಿ ಭಜಿಯ ಬಗ್ಗೆ ಒಂದು ಶ್ಲೋಕವನ್ನಾದರೂ ಬರೆಯುತ್ತಿದ್ದರು. ನನಗೂ ಇಂಟರ್ವಲ್ ಎಂದರೆ ಭಜಿ ಮಾತ್ರವೇ ಆಗಿತ್ತು. ಅದರ ಆಚೆ ಇನ್ನೇನಾದರೂ ನಡೆಯುತ್ತದೆ ಎಂದು ಗೊತ್ತಾಗಲು ಮದುವೆಯಾಗಿ ಆರು ವರ್ಷ ಬೇಕಾದವು.

ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಯಾವ ಉಪಕಾಲುವೆಗೆ ಯಾವ ದಿನ ನೀರು, ಎಷ್ಟು ಗಂಟೆಗೆ ಗೇಟು ತೆಗೆಯಬೇಕು, ಎಷ್ಟಕ್ಕೆ ಮುಚ್ಚಬೇಕು ಎಂಬ ಪಾಳಿ ಪಟ್ಟಿಯನ್ನು ಟೈಪು ಮಾಡುವುದು ನನ್ನ ಕೆಲಸ. ಕಕ್ಕೇರಾ ಕಡೆಯ ರೈತರು ಬಂದು ಮೇಜಿನ ಮುಂದೆ ನಿಂತು, ‘ನಮ್ಮ ಪಾಳಿ ಯಾವಾಗ್ರಿ ಸಾಹೇಬ್ರ?’ ಎಂದು ಕೇಳಿದರೆ ಕಾಗದ ನೋಡದೆ ಹೇಳುತ್ತಿದ್ದೆ. ನನ್ನ ಮನೆಯ ಓಣಿಯ ನಳಕ್ಕೆ ಯಾವಾಗ ನೀರು ಬರುತ್ತದೆ ಎಂದು ಯಾರಾದರೂ ಕೇಳಿದ್ದರೆ ಮಾತ್ರ ಬೆಬ್ಬೆಬ್ಬೆ. ಆದರೆ ಹಾಗೆ ಯಾರೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ನಾನೂ ನನ್ನ ಹೆಂಡತಿ ಮಾದೇವಿಯೂ ಮ್ಯಾಟಿನಿಗೆ ಹೋಗುತ್ತಿದ್ದೆವು. ಹೋಗುವುದು ಜೊತೆಯಲ್ಲಿ, ಕೂರುವುದು ಬೇರೆ ಬೇರೆ. ನಿಜಾಮನ ಕಾಲದಿಂದ ಬಂದ ರೂಢಿಯಂತೆ ನಮ್ಮ ಟಾಕೀಸಿನಲ್ಲಿ ಹೆಂಗಸರಿಗೆ ಒಂದು ಅಡ್ಡಗೋಡೆಯ ಆಚೆ ಜಾಗ. ಅದಕ್ಕೆ ಜನಾನಾ ಎನ್ನುತ್ತಿದ್ದರು. ಅವರ ಬಾಗಿಲು ಹಿಂದಿನ ಓಣಿಗೆ, ನಮ್ಮದು ದೊಡ್ಡ ರಸ್ತೆಗೆ. ಪಿಕ್ಚರು ಬಿಟ್ಟ ಮೇಲೆ ನಾನು ನೇರವಾಗಿ ಹೋಟೆಲಿಗೆ ಹೋಗಿ ಗೆಳೆಯರ ಜೊತೆ ನಿರ್ವಹಣ ಸಂಧಿಯ ಚರ್ಚೆಗೆ ಕೂರುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ಅವಳು ಒಲೆಯ ಮುಂದೆ ಇರುತ್ತಿದ್ದಳು. ‘ಹ್ಯಾಂಗಿತ್ತು?’ ಎಂದರೆ ‘ಛಂದಿತ್ತು’ ಎನ್ನುತ್ತಿದ್ದಳು. ಅಲ್ಲಿಗೆ ನಮ್ಮ ಮನೆಯ ವಿಮರ್ಶೆ ಮುಗಿಯುತ್ತಿತ್ತು.

ಆ ವರ್ಷ ಯುಗಾದಿಯ ಹೋಳಿಗೆ ಉಂಡು, ಗೋಡೆಗೆ ಒರಗಿ ಪಟ್ಟಿ ಸಿದ್ಧಪಡಿಸುತ್ತಿದ್ದೆ. ಹೊಟ್ಟೆ ತುಂಬಿತ್ತು, ಮನಸ್ಸು ಉದಾರವಾಗಿತ್ತು. ಹತ್ತು ಹೆಸರನ್ನೂ ಗಟ್ಟಿಯಾಗಿ ಓದಿ ಕೇಳಿದೆ.

‘ನಿನಗ ಯಾವುದು ಎಲ್ಲಕ್ಕಿಂತ ಛಂದ ಅನಿಸ್ತು?’

‘ನಂದು ನಿಮ್ಮ ಪಟ್ಟಿನಾಗ ಇಲ್ಲ ಬಿಡ್ರಿ. ಹೊಲಿಗಿ ಮಷಿನ್ ಪಿಕ್ಚರ್.’

ನಾನು ನಕ್ಕುಬಿಟ್ಟೆ. ಅನುಮಾನದ ಗಂಡನನ್ನು ಬಿಟ್ಟು ಹೆಂಡತಿ ಹೊಲಿಗೆ ಮಷಿನನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಹೊರಬೀಳುವ ಕಥೆ ಅದು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಗಂಡನ ಕೈ ಮುರಿಯುತ್ತದೆ, ಅವಳು ಓಡಿ ಬಂದು ಅವನ ಕಾಲಿಗೆ ಬೀಳುತ್ತಾಳೆ, ಮಷಿನು ಮೂಲೆ ಸೇರುತ್ತದೆ.

‘ಕಡಿಗೆ ಹೋಗಿ ಕಾಲಿಗೆ ಬೀಳ್ತಾಳಲ್ಲ, ಅದೇನು ಛಂದ?’ ಎಂದೆ.

‘ಯಾಕ ಬೀಳ್ತಾಳ?’ ಮಾದೇವಿಗೆ ಸಿಟ್ಟೇ ಬಂತು. ‘ಆಕಿ ಬಸ್ ಸ್ಟ್ಯಾಂಡ್ ಮುಂದ ಅಂಗಡಿ ಹಾಕ್ತಾಳ. ಗಂಡ ಅಂಗಿ ಹೊಲಿಸಾಕ ಬರ್ತಾನ. ಆಕಿ ಅಳತಿ ತಗೋತಾಳ. ಗುರುವಾರ ಬರ್ರಿ ಅಂತಾಳ. ಮುಗೀತು.’

‘ಇದು ಪಿಕ್ಚರಿನಾಗ ಎಲ್ಲಿತ್ತು?’

‘ಪಿಕ್ಚರಿನಾಗ ಏನಿತ್ತೋ ನನಗೇನು ಗೊತ್ತ್ರಿ. ಅವತ್ತು ನೀರಿನ ಭಾನುವಾರ.’

ಆಗ ಹೊರಬಿತ್ತು ಸಂಗತಿ. ನಮ್ಮ ಓಣಿಯ ನಳಕ್ಕೆ ದಿನ ಬಿಟ್ಟು ದಿನ ನೀರು, ಸರಿಯಾಗಿ ನಾಲ್ಕು ಗಂಟೆಗೆ. ಹಾಗಾಗಿ ಒಂದು ಭಾನುವಾರ ನೀರು ಬಂದರೆ ಮುಂದಿನ ಭಾನುವಾರ ಇಲ್ಲ. ನೀರಿನ ಭಾನುವಾರ ಓಣಿಯ ಹೆಂಗಸರು ಮಧ್ಯಾಹ್ನವೇ ನಳದ ಮುಂದೆ ಸಾಲಾಗಿ ಕೊಡ ಇಟ್ಟು ಮ್ಯಾಟಿನಿಗೆ ಬರುತ್ತಿದ್ದರು. ಕೊಡ ಅವರ ಪಾಳಿ ಕಾಯುತ್ತಿತ್ತು. ಇಂಟರ್ವಲ್ ಬಿಟ್ಟ ಕೂಡಲೇ ಎದ್ದು ಹಿಂದಿನ ಬಾಗಿಲಿಂದ ಹೋಗಿ ನೀರು ತುಂಬುತ್ತಿದ್ದರು. ಅಂದರೆ ಆರು ವರ್ಷದಿಂದ ನನ್ನ ಹೆಂಡತಿ ನೋಡಿದ ಪಿಕ್ಚರುಗಳಲ್ಲಿ ಅರ್ಧಕ್ಕರ್ಧ ಅರ್ಧ ಮಾತ್ರ. ಮುಕ್ತಾಯವೇ ಮುಖ್ಯ ಎಂದು ಊರಿಗೆಲ್ಲ ಸಾರುತ್ತಿದ್ದ ಗಂಡ, ಹೆಂಡತಿಗೆ ಮುಕ್ತಾಯ ಸಿಗುತ್ತಿಲ್ಲ ಎಂಬುದನ್ನೇ ನೋಡಿರಲಿಲ್ಲ. ಮನೆಗೆ ಬಂದಾಗ ಕೊಡಗಳು ತುಂಬಿರುತ್ತಿದ್ದವು. ಅವು ತಾವಾಗಿ ತುಂಬಿದವೆಂದು ನಾನು ತಿಳಿದಿರಲಿಲ್ಲ. ಹೇಗೆ ತುಂಬಿದವೆಂದು ಯೋಚಿಸಿಯೇ ಇರಲಿಲ್ಲ.

‘ನನಗ ಯಾಕ ಹೇಳಲಿಲ್ಲ?’ ಎಂದೆ.

‘ಕೇಳಿದ್ರ ಹೇಳ್ತಿದ್ದೆ.’

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು: ‘ಗುರುವಾರ ಬರ್ರಿ’ ಎಂಬ ಆ ಮುಕ್ತಾಯ ಕೇಳಿ ವಿಮರ್ಶಕನಿಗೆ ಹೊಟ್ಟೆಕಿಚ್ಚೂ ಆಯಿತು.

ಮುಂದಿನ ನೀರಿನ ಭಾನುವಾರ ಇಂಟರ್ವಲ್‌ನಲ್ಲಿ ಭಜಿ ಬಿಟ್ಟು ನಾನು ಮನೆಯ ಕಡೆ ನಡೆದೆ. ‘ನೀನು ಕುಂತು ಕಡಿತನಕ ನೋಡು’ ಎಂದು ಮಾದೇವಿಗೆ ಮೊದಲೇ ಹೇಳಿದ್ದೆ. ಅವಳು ನಂಬಿರಲಿಲ್ಲ. ಜನಾನಾ ಬಾಗಿಲಿಂದ ಹೊರಬಂದ ಹೆಂಗಸರ ಹಿಂದೆ ಹಿಂದೆ ನಾನು ನಳದ ಹತ್ತಿರ ಹೋದಾಗ, ಎದುರು ಮನೆಯ ಮುದುಕಿ ಶರಣಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಯಾಕೋ ತಮ್ಮಾ, ಮಾದೇವಿಗಿ ಆರಾಮಿಲ್ಲೇನು?’

‘ಆರಾಮ ಅದಾಳ. ಪಿಕ್ಚರ್ ನೋಡಾಕತ್ತಾಳ.’

ನಳದ ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಶುರುವಾಯಿತು ನೋಡಿ ಅವರ ಪಾಠ. ನಾನು ಮೊದಲು ಹಂಡೆಗೆ ಕೈ ಹಾಕಿದೆ, ಅದು ತಪ್ಪು. ಕುಡಿಯುವ ಕೊಡ ಮೊದಲು. ಕೊಡವನ್ನು ತೊಳೆಯದೆ ಹಿಡಿದೆ, ಅದೂ ತಪ್ಪು. ಸೊಂಟದ ಮೇಲೆ ಕೂರಿಸಲು ಹೋದರೆ ಗಂಡಸರಿಗೆ ದೇವರು ಆ ಜಾಗವನ್ನೇ ಕೊಟ್ಟಿಲ್ಲ. ಹೆಗಲ ಮೇಲಿಟ್ಟುಕೊಂಡು ಅರ್ಧ ನೀರನ್ನು ಅಂಗಿಗೂ ಅರ್ಧವನ್ನು ಮನೆಗೂ ಮುಟ್ಟಿಸಿದೆ. ಸಾವಿರಾರು ಹೊಲಗಳಿಗೆ ಕಾಗದದ ಮೇಲೆ ನೀರು ಹಂಚಿದ ಮನುಷ್ಯ ಹದಿನಾಲ್ಕು ಕೊಡಕ್ಕೆ ಸುಸ್ತು ಹೊಡೆದ.

ಆದರೆ ಆ ನಳದ ಹತ್ತಿರ ನಾನು ಒಂದು ಹೊಸ ವಿದ್ಯೆ ಕಂಡೆ. ಅಂದಿನದು ಎರಡು ಲಾರಿಯ ಪಿಕ್ಚರು. ಇಬ್ಬರು ಅಣ್ಣತಮ್ಮಂದಿರು, ಇಬ್ಬರೂ ಲಾರಿ ಓಡಿಸುವವರು, ಜಗಳವಾಗಿ ಬೇರೆಯಾಗಿದ್ದಾರೆ. ತಾಯಿ ಗಂಟು ಹಿಡಿದು ರಸ್ತೆಯ ಬದಿ ಕೂತಿದ್ದಾಳೆ. ಎರಡು ಕಡೆಯಿಂದ ಎರಡು ಲಾರಿ ಬಂದು ನಿಲ್ಲುತ್ತವೆ. ಅವಳು ಯಾವುದನ್ನು ಹತ್ತುತ್ತಾಳೆ? ಇಂಟರ್ವಲ್. ಹೆಂಗಸರು ಕೊಡ ತುಂಬುತ್ತ ಉಳಿದ ಕಥೆಯನ್ನು ತಾವೇ ಕಟ್ಟುತ್ತಿದ್ದರು. ಒಬ್ಬಳು ಎರಡು ಮಾತು ಹೇಳಿ ಕೊಡ ಹೊತ್ತು ಹೋದರೆ ಅವಳು ತಿರುಗಿ ಬರುವಷ್ಟರಲ್ಲಿ ಇನ್ನೊಬ್ಬಳು ಮುಂದಕ್ಕೆ ಸಾಗಿಸಿರುತ್ತಿದ್ದಳು. ಮಾದೇವಿ ಹೇಳಿದ ಹೊಲಿಗೆ ಅಂಗಡಿ ಹುಟ್ಟಿದ್ದೂ ಇಲ್ಲಿಯೇ ಎಂದು ಗೊತ್ತಾಯಿತು. ತಿಳಿದವನೆಂಬ ಬಿಂಕದಲ್ಲಿ ನಾನೂ ಬಾಯಿ ಹಾಕಿದೆ.

‘ಅಣ್ಣನ ಲಾರಿ ಪಲ್ಟಿ ಆಗ್ತದ, ತಮ್ಮ ರಕ್ತ ಕೊಡ್ತಾನ, ಒಂದಾಗ್ತಾರ. ಬರ್ದು ಕೊಡ್ತೀನಿ.’

‘ಏ, ಹೋಗೋ ತಮ್ಮಾ,’ ಎಂದಳು ಶರಣಮ್ಮ. ‘ಮುದುಕಿ ಗತಿ ಏನಾತು ಅಂತ ಕೇಳಿದ್ರ ಲಾರಿ ಗತಿ ಹೇಳಾಕತ್ತೀಯಲ್ಲ.’

ಸಂಜೆ ಮಾದೇವಿ ಬಂದಳು. ನಾನು ಒದ್ದೆ ಅಂಗಿಯಲ್ಲೇ ಹೊಸ್ತಿಲ ಮೇಲೆ ಕೂತಿದ್ದೆ. ಅವಳು ತುಂಬಿದ ಕೊಡಗಳನ್ನು ಒಂದೊಂದಾಗಿ ಬಗ್ಗಿ ನೋಡಿದಳು, ಒಂದು ತಂಬಿಗೆ ನೀರು ತಂದು ಕೊಟ್ಟು ಪಕ್ಕದಲ್ಲಿ ಕೂತಳು. ಆರು ವರ್ಷದಲ್ಲಿ ಮೊದಲ ಸಲ ಪಿಕ್ಚರಿನ ಎರಡನೆಯ ಅರ್ಧವನ್ನು ನಾನು ಅವಳಿಂದ ಕೇಳಿದೆ. ತಾಯಿ ಯಾವ ಲಾರಿಯನ್ನೂ ಹತ್ತುವುದಿಲ್ಲ. ಗಂಟು ಎತ್ತಿಕೊಂಡು ತವರಿನ ದಾರಿ ಹಿಡಿದು ನಡೆದುಬಿಡುತ್ತಾಳೆ. ಹಿಂದೆ ಎರಡು ಲಾರಿಗಳೂ ಹಾರನ್ ಹೊಡೆಯದೆ ಅವಳ ಹೆಜ್ಜೆಯ ವೇಗದಲ್ಲಿ ಬರುತ್ತವೆ. ಊರು ಮುಟ್ಟುವಷ್ಟರಲ್ಲಿ ಒಂದೇ ಲಾರಿಯಲ್ಲಿ ಇಬ್ಬರೂ ಕೂತಿರುತ್ತಾರೆ. ಕೇಳುತ್ತ ನನ್ನ ಕಣ್ಣು ಒದ್ದೆಯಾದದ್ದು ನಿಜ.

ಆಮೇಲೆ ನೀರಿನ ಭಾನುವಾರಗಳೆಲ್ಲ ನನ್ನವು. ಮರುವರ್ಷದ ಯುಗಾದಿಗೆ ಪಟ್ಟಿಯ ಮೊದಲ ಸ್ಥಾನ ಎರಡು ಲಾರಿಯ ಪಿಕ್ಚರಿಗೆ. ಪಕ್ಕದಲ್ಲಿ ಷರಾ: ‘ಇಂಥ ಮುಕ್ತಾಯ ನಾನು ಕಂಡಿಲ್ಲ’. ಅದು ಅಕ್ಷರಶಃ ಸತ್ಯವಾಗಿತ್ತು. ಹಾಳೆ ಅಂಟಿಸಿ ಚಹಾ ಕುಡಿಯುತ್ತಿದ್ದಾಗ ನನ್ನ ಕಚೇರಿಯ ಹಣಮಂತು ಬಂದ. ಗುರುಮಠಕಲ್ ಕಡೆಯವನು, ಅದೇ ಪಿಕ್ಚರನ್ನು ತನ್ನ ಊರಿನಲ್ಲಿ ನೋಡಿದ್ದ.

‘ಏನ್ ಮಾರಾಯಾ, ಇದನ್ನ ಒಂದನೇದು ಮಾಡೀಯಲ್ಲ! ಲಾರಿ ಪಲ್ಟಿ ಆಗಿ, ತಮ್ಮ ರಕ್ತ ಕೊಡೋದು, ಅದೇ ಹಳೇ ಕಥಿ. ನೀ ಕಡಿತನಕ ಕುಂತಿದ್ದಿಲ್ಲೇನು?’

ನಾನು ಚಹಾ ಬಿಟ್ಟು ಮನೆಗೆ ಬಂದೆ. ಮಾದೇವಿ ಅಕ್ಕಿ ಹಸನು ಮಾಡುತ್ತಿದ್ದಳು. ಕೇಳಿದರೆ ಮೊರದಿಂದ ತಲೆ ಎತ್ತದೆ ಒಪ್ಪಿಕೊಂಡಳು.

‘ಹೌದ್ರಿ. ನೀವು ನಳದ ಹತ್ರ ಹೇಳಿದ್ರಂತಲ್ಲ, ಹಂಗ ಆತು.’

‘ಮತ್ತ ನನಗ ಯಾಕ ಬ್ಯಾರೆ ಹೇಳಿದಿ?’

‘ಅಷ್ಟು ನೀರು ಹೊತ್ತು ದಣಿದು ಕುಂತಿದ್ರಿ. ಅಂಥಾವರ ಮುಂದ ಲಾರಿ ಪಲ್ಟಿ ಮಾಡಿ ರಕ್ತ ತೋರಿಸ್ಲೇನ್ರಿ? ನಳದ ಹತ್ರ ನಾವು ಒಬ್ಬರಿಗೊಬ್ಬರು ಹಿಂಗ ಹೇಳ್ಕೋತೀವಿ.’

ನಾನು ಮತ್ತೆ ಹೋಟೆಲಿಗೆ ಹೋದೆ. ಹಣಮಂತು ಇನ್ನೂ ಅಲ್ಲೇ ಕೂತಿದ್ದ. ಪಟ್ಟಿಯನ್ನು ಹರಿಯುತ್ತೇನೆ ಎಂದು ಕಾದಿರಬೇಕು. ನಾನು ಕಿಸೆಯಿಂದ ಪೆನ್ನು ತೆಗೆದು ಮೊದಲ ಸ್ಥಾನದ ಕೆಳಗೆ ಒಂದು ಸಾಲು ಸೇರಿಸಿದೆ: ‘ಇಂಟರ್ವಲ್ ನಂತರದ ಕಥೆ, ನನ್ನ ಹೆಂಡತಿ ಮಾದೇವಿಯದು.’