ಕಾರಿನಡಿಯ ಎಣ್ಣೆ, ಕಾರಿನೊಳಗಿನ ಹೊಗೆ

"ಎಣ್ಣಿ ಆಮ್ಯಾಲೆ ನೋಡೂಣ್ರಿ, ಮೊದಲ ಅಕ್ಕಾರನ್ನ ಕೆಳಗ ಇಳಸ್ರಿ!"

ಗಾಣಗಾಪುರದ ಹತ್ತಿರದ ಗ್ಯಾರೇಜಿನಲ್ಲಿ ಎಣ್ಣೆ ಸೋರುವ ಕಥೆ ಶುರು ಮಾಡಿದ್ದೆನಷ್ಟೆ. ಎಂಜಿನ್ನಿನ ಪಟಪಟ ಸದ್ದು ಕೇಳಿದ ಮೆಕ್ಯಾನಿಕ್ ಬಾನೆಟ್ ಮುಟ್ಟದೆ ನನ್ನ ಅಕ್ಕ ಕೂತಿದ್ದ ಹಿಂದಿನ ಬಾಗಿಲು ತೆಗೆದು ಕೂಗಿದ.

ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಿದ್ದ, ಅಪ್ಪನ ಕಾಲದ ಕಾರು ಅದು. ಆಳಂದ ಬಿಟ್ಟಾಗಿನಿಂದ ಐದು ಸಲ ನಿಲ್ಲಿಸಿ, ನೆಲಕ್ಕೆ ಕೆನ್ನೆ ಹಚ್ಚಿ, ಎಣ್ಣೆಯ ಹನಿ ನೋಡಿದ್ದೆ. ಧೂಳು ಬಂದೀತೆಂದು ಗಾಜು ಏರಿಸಿದವನೂ ನಾನೇ. ಎಂಜಿನ್ನಿಗೆ ಹೊಗೆ ಕೊಳವೆ ಕೂಡುವಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಸೀಳಿತ್ತು. ಆ ಹೊಗೆ ಒಳಗೆ ತುಂಬುತ್ತಿದ್ದುದು ಮಾತ್ರ ನನ್ನ ಚಿಂತೆಗಳ ಪಟ್ಟಿಯಲ್ಲೇ ಇರಲಿಲ್ಲ.

ಅಕ್ಕ ಬೇವಿನ ಮರದ ಕೆಳಗೆ ಕೂತು ವಾಂತಿ ಮಾಡಿಕೊಂಡಳು. ನೀರಿನ ಬಾಟಲಿ ಹಿಡಿದು, "ಮೊದಲೇ ಹೇಳಾಕ ಏನಾಗಿತ್ತಬೇ ಅಕ್ಕಾ?" ಎಂದೆ.

"ನಿಂಬರ್ಗಾ ದಾಟಿದಾಗಿಂದ ತಲಿ ಸಿಡಿಯಾಕತ್ತಿತ್ತೋ ತಮ್ಮಾ. ನೀ ಮೊದಲ ಎಣ್ಣಿ ಎಣ್ಣಿ ಅಂತ ಒದ್ದಾಡಾಕತ್ತಿದ್ದಿ. ಇನ್ನೊಂದು ಚಿಂತಿ ಯಾಕ ಕೊಡ್ಲಿ ಅಂತ ಸುಮ್ನಿದ್ದೆ."

ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಹೊಗೆ ನಿಂತಿತು. ಎಣ್ಣೆ ಇನ್ನೂ ಒಂದೆರಡು ಹನಿ ಸೋರುತ್ತದೆ, ಸೋರಲಿ. ನನ್ನ ಚಿಂತೆಗೆ ಹೆದರಿ ಮನೆಯಲ್ಲಿ ಇನ್ನೂ ಯಾರ್ಯಾರು ಏನೇನು ನುಂಗಿಕೊಂಡು ಸುಮ್ಮನಿದ್ದಾರೋ ಎಂಬುದೇ ಈಗ ನನ್ನ ಚಿಂತೆ.