ಮಣ್ಣೆತ್ತು ನಡೆಯಿತು

ಕಡ್ಡಿರಾಂಪುರದ ನಮ್ಮ ಮನೆಯ ಮಣ್ಣೆತ್ತು ಮೊಬೈಲಿನೊಳಗೆ ನಾಲ್ಕು ಹೆಜ್ಜೆ ನಡೆದು, ತಟ್ಟನೆ ದೇವರ ಜಗಲಿಯತ್ತ ತಿರುಗಿತು. ಆ ಎತ್ತನ್ನು ಮಾಡಿದ್ದ ನನ್ನ ಅತ್ತೆ ಬಾಯಿ ಮೇಲೆ ಕೈಯಿಟ್ಟರು.

ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆ ಮುಗಿದದ್ದೇ ನಾದಿನಿ ಕವಿತಾ ಎತ್ತನ್ನು ಕೂದಲೆಳೆಯಷ್ಟು ಸರಿಸುತ್ತ, ಸರಿಸಿದಾಗಲೆಲ್ಲ ಫೋಟೊ ತೆಗೆಯುತ್ತ, ದಿನವಿಡೀ ನೆಲಕ್ಕೆ ಬಗ್ಗಿದ್ದಳು. ಆ ಫೋಟೊಗಳನ್ನೇ ಜೋಡಿಸಿದ ಚಿತ್ರವಿದು. ನಡುವೆ ಅವಳು ನೀರು ಕುಡಿಯಲು ಎದ್ದಾಗ, ಎತ್ತಿನ ಮುಖ ದೇವರ ಕಡೆಗಿರಬೇಕೆಂದು ಅತ್ತೆ ಅದನ್ನು ತಿರುಗಿಸಿಟ್ಟಿದ್ದರು.

“ನಾ ಕೆಡಿಸಿಬಿಟ್ನೇನವ್ವ?” ಎಂದರು ಅತ್ತೆ.

“ಇಲ್ಲ ಬೇ, ನೀ ಹೊಳ್ಳಿಸಿದ ಮ್ಯಾಲೇ ಅದಕ್ಕ ಜೀವ ಬಂತು,” ಎಂದಳು ಕವಿತಾ.

ಆ ಎತ್ತನ್ನೂ ಅದರ ಜೋಡಿಯನ್ನೂ ಎಂದಿನಂತೆ ಕಾಲುವೆಗೆ ಬಿಟ್ಟೆವು. ಆ ಸಂಜೆ ಅತ್ತೆ ಕವಿತಾಳ ನೋಯುವ ಬೆನ್ನಿಗೆ ಎಣ್ಣೆ ತಿಕ್ಕಿದರು, ಹೊಲದಿಂದ ದಣಿದು ಬಂದ ಎತ್ತಿನ ಮೈ ತಿಕ್ಕುವಷ್ಟೇ ಅಕ್ಕರೆಯಿಂದ.